ಜಿಎನ್‌ಎಂ ನರ್ಸಿಂಗ್ ಡಿಗ್ರಿಯೇ? ಫಾರ್ವರ್ಡ್ ಮಾಡುವ ಮುನ್ನ ಓದಿ

ಪಿಯುಸಿ ಫಲಿತಾಂಶ ಬಂದಾಗ ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರಿನ ನಿಮ್ಮ ವಾಟ್ಸಾಪ್ ಗುಂಪಿಗೆ ‘ಮನೆಯಲ್ಲೇ ಕುಳಿತು ಜಿಎನ್‌ಎಂ ಡಿಗ್ರಿ’ ಎಂಬಂಥ ಸಂದೇಶ ಬಂದರೆ ನಂಬಬಹುದೇ? ನಂಬಬೇಡಿ ಎನ್ನುತ್ತೇವೆ ನಾವು.

ನಿಜವೇನು?
ಜಿಎನ್‌ಎಂ ಎಂದರೆ ಜನರಲ್ ನರ್ಸಿಂಗ್ ಅಂಡ್ ಮಿಡ್‌ವೈಫರಿ. ಇದು 3 ವರ್ಷಗಳ ಡಿಪ್ಲೊಮಾ, ಡಿಗ್ರಿಯಲ್ಲ. ಡಿಗ್ರಿ ಎಂದರೆ 4 ವರ್ಷಗಳ ಬಿಎಸ್ಸಿ ನರ್ಸಿಂಗ್. ಅದಕ್ಕೆ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಬೇಕು.

ಹಾಗಾದರೆ ಜಿಎನ್‌ಎಂ ಓದಬಾರದೇ?
ಖಂಡಿತ ಓದಬಹುದು. ಕಲಾ, ವಾಣಿಜ್ಯ ವಿಭಾಗದವರಿಗೂ ಅವಕಾಶವಿದೆ. ಇಂಗ್ಲಿಷ್ ಸಹಿತ ಪಿಯುಸಿಯಲ್ಲಿ ಕನಿಷ್ಠ ಶೇ 40 ಅಂಕ ಬೇಕು. ಮುಗಿಸಿದ ಮೇಲೆ 2 ವರ್ಷದ ಪೋಸ್ಟ್ ಬೇಸಿಕ್ ಬಿಎಸ್ಸಿ ಓದಿ ಡಿಗ್ರಿಯನ್ನೂ ಪಡೆಯಬಹುದು.

ಮನೆಯಲ್ಲೇ ಏಕೆ ಆಗದು?
ಇಂಜೆಕ್ಷನ್ ಕೊಡುವುದು, ಗಾಯಕ್ಕೆ ಡ್ರೆಸ್ಸಿಂಗ್ ಮಾಡುವುದು, ಹೆರಿಗೆ ಮಾಡಿಸುವುದು ವಾರ್ಡಿನಲ್ಲಿ ನಿಂತು ಕಲಿಯುವ ಕೆಲಸ. ಮೊಬೈಲ್ ನೋಡಿ ಕಲಿತವರ ಕೈಗೆ ರೋಗಿಯ ಜೀವ ಒಪ್ಪಿಸಲಾಗದು. ಓದು ಮುಗಿದ ಮೇಲೂ ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಆಗಬೇಕು. ಮಾನ್ಯತೆ ಇಲ್ಲದ ಕಡೆ ಪಡೆದ ಪ್ರಮಾಣಪತ್ರಕ್ಕೆ ನೋಂದಣಿ ಸಿಗದು.

ಹಣ ಕಟ್ಟುವ ಮುನ್ನ
• ಜಿಎನ್‌ಎಂ ಪರೀಕ್ಷೆ ನಡೆಸುವ ಕರ್ನಾಟಕ ರಾಜ್ಯ ಡಿಪ್ಲೊಮಾ ನರ್ಸಿಂಗ್ ಪರೀಕ್ಷಾ ಮಂಡಳಿಯಲ್ಲಿ ಸಂಸ್ಥೆಯ ಹೆಸರಿದೆಯೇ ಎಂದು ವಿಚಾರಿಸಿ.
• ತರಬೇತಿ ಯಾವ ಆಸ್ಪತ್ರೆಯಲ್ಲಿ ಎಂದು ಕೇಳಿ, ಅಲ್ಲಿಗೇ ಹೋಗಿ ನೋಡಿ.
• ರಸೀದಿ ಇಲ್ಲದೆ ಹಣ ಕೊಡಬೇಡಿ. ಮೂಲ ಅಂಕಪಟ್ಟಿಯನ್ನು ಏಜೆಂಟರ ಕೈಗೆ ಕೊಡಬೇಡಿ.

ಸಾಲ ಮಾಡಿ ಮಗಳನ್ನು ಓದಿಸುವ ಮನೆಗೆ 3 ವರ್ಷ ಹಾಳಾದರೆ ತುಂಬಿಕೊಡುವವರಿಲ್ಲ. ಗುಂಪಿಗೆ ಕಳಿಸುವುದಾದರೆ ಇದನ್ನು ಕಳಿಸಿ.