ಕಡ್ಡಾಯದ ಕುಣಿತ, ಇಷ್ಟದ ಕುಣಿತ

ಇಂಜಿನಿಯರಿಂಗ್ ಓದೋಕೆ ಹಳ್ಳಿ ಬಿಟ್ಟು ಬಂದ ಹೊಸತು. ಹಾಸ್ಟೆಲ್‌ನಲ್ಲಿ ಸೀನಿಯರ್‌ಗಳು "ನಿಮ್ಮೂರ ಕಡೆ ಪದ ಒಂದು ಹಾಡೋ" ಅಂತ ನಿಲ್ಲಿಸ್ತಿದ್ದರು. ಹಾಡ್ತಿದ್ದೆ. ಆಮೇಲೆ ಆ ಪದಗಳ ಮೇಲೇ ಸಿಟ್ಟು ಬಂದುಬಿಟ್ಟಿತು. ಗಾಟೊ ಬಾರ್ಬಿಯೇರಿಯ ಕತೆ ಓದುವಾಗ ಆ ಸಿಟ್ಟು ನೆನಪಾಯ್ತು.

ಗಾಟೊ ಹುಟ್ಟಿದ್ದು 1932ರಲ್ಲಿ, ಅರ್ಜೆಂಟೀನಾದ ರೊಸಾರಿಯೊದಲ್ಲಿ. 12ನೇ ವಯಸ್ಸಿಗೆ ಚಾರ್ಲಿ ಪಾರ್ಕರ್‌ನ ರೆಕಾರ್ಡ್ ಕೇಳಿ ಜಾಝ್ ಹುಚ್ಚು ಹಿಡಿಯಿತು. ಆದರೆ ಅದು ಪೆರೋನ್ ಆಡಳಿತದ ಕಾಲ. ಬರೀ ಜಾಝ್ ನುಡಿಸುವ ಹಾಗಿರಲಿಲ್ಲ, ದೇಸಿ ಸಂಗೀತವನ್ನೂ ಸೇರಿಸಲೇಬೇಕಿತ್ತು. ಹಾಗಾಗಿ ಟ್ಯಾಂಗೊ, ಕಾರ್ನವಾಲಿತೊ ಎಲ್ಲ ನುಡಿಸ್ತಿದ್ದೆವು ಅಂತ ಮುಂದೆ ಅವನೇ ಹೇಳಿಕೊಂಡಿದ್ದಾನೆ. ಕಾರ್ನವಾಲಿತೊ ಅಂದರೆ ಆಂಡಿಸ್ ಬೆಟ್ಟಸೀಮೆಯ ಜನ ಗುಂಪಾಗಿ ಕುಣಿಯುವ ಕುಣಿತ.

1962ರಲ್ಲಿ ಗಾಟೊ ಯುರೋಪಿಗೆ ಹೊರಟ. ಅಲ್ಲಿ ಟ್ರಂಪೆಟ್ ವಾದಕ ಡಾನ್ ಚೆರ್ರಿಯ ತಂಡ ಸೇರಿದ. ಅದು ಸ್ವರ, ಲಯದ ಬೇಲಿಗಳನ್ನು ಕಿತ್ತೆಸೆಯಲು ಹೊರಟಿದ್ದ ಫ್ರೀ ಜಾಝ್. ಅಲ್ಲಿ ಇದನ್ನೇ ನುಡಿಸು ಅನ್ನುವವರು ಯಾರೂ ಇರಲಿಲ್ಲ.

ಮಜಾ ಇರೋದು ಇಲ್ಲೇ ನೋಡಿ. 1971ರಲ್ಲಿ ನ್ಯೂಯಾರ್ಕ್‌ನಲ್ಲಿ ಅವನು ಮಾಡಿದ 'ಫೆನಿಕ್ಸ್' ಆಲ್ಬಮ್‌ನಲ್ಲಿ ಅದೇ 'ಕಾರ್ನವಾಲಿತೊ' ಇದೆ! ಜೊತೆಗೆ ಅತಾವಾಲ್ಪಾ ಯುಪಾಂಕಿಯ, ದನ ಹೊಡೆದುಕೊಂಡು ಹೋಗುವವನ ಹಾಡೂ ಇದೆ. ಜನಪದ ಹಾಡುಗಳಲ್ಲಿ ಕಾರ್ಡ್‌ಗಳು ಕಡಿಮೆ, ತಾಳ ಸುತ್ತಿ ಸುತ್ತಿ ಬರುತ್ತೆ. ಬೇಸ್, ಡ್ರಮ್ಸ್, ಕಾಂಗಾ ಆ ನೆಲವನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತವೆ. ಗಾಟೊ ಮೊದಲು ಧಾಟಿಯನ್ನು ಇದ್ದ ಹಾಗೇ ನುಡಿಸ್ತಾನೆ. ಆಮೇಲೆ ಅದೇ ಧಾಟಿ ಬೆಳೆಯುತ್ತಾ ಹೋಗಿ, ಸ್ಯಾಕ್ಸೊಫೋನ್ ಗಂಟಲು ಹರಿದು ಕೂಗಿದಂತೆ ಆಗುತ್ತೆ. ಹಾಡು ಹಳೆಯದು, ಕೂಗು ಆ ಕ್ಷಣದ್ದು.

'ಲಾಸ್ಟ್ ಟ್ಯಾಂಗೊ ಇನ್ ಪ್ಯಾರಿಸ್' ಸಿನಿಮಾದ ಸಂಗೀತದಿಂದ ಜಗತ್ತಿಗೆಲ್ಲ ಗೊತ್ತಾದ ಮೇಲೆ, 1973ರಲ್ಲಿ ಬ್ಯೂನಸ್ ಐರಿಸ್‌ಗೇ ಹೋಗಿ ಅಲ್ಲಿನ ವಾದಕರನ್ನು ಕೂಡಿಸಿದ. ಕೇನಾ ಕೊಳಲು, ಪುಟ್ಟ ತಂತಿವಾದ್ಯ ಚರಾಂಗೊ, ಬೊಂಬೊ ಡೋಲು, ದೀನೊ ಸಲೂಸಿಯ ಬ್ಯಾಂಡೋನಿಯನ್. ಅವರು ಜಾಝ್ ಕಲಿತು ಬರಲಿ ಅನ್ನಲಿಲ್ಲ. ಅವರ ಪಾಡಿಗೆ ಅವರು ನುಡಿಸಿದರು, ಇವನು ಅದರೊಳಗೆ ದಾರಿ ಹುಡುಕಿಕೊಂಡ.

ಸರ್ಕಾರ ಹೇಳಿದ್ದೂ ಕಾರ್ನವಾಲಿತೊನೇ, ಅವನು ಆರಿಸಿಕೊಂಡಿದ್ದೂ ಕಾರ್ನವಾಲಿತೊನೇ. ಆದರೆ ನಡುವೆ ಅಷ್ಟು ದೂರ ಹೋಗಿ ಬರಬೇಕಾಯ್ತು.

ಮೊನ್ನೆ ಹಬ್ಬಕ್ಕೆ ಊರಿಗೆ ಹೋಗಿದ್ದೆ. ಯಾರೂ ಕೇಳಿರಲಿಲ್ಲ. ಅಮ್ಮನ ಸೋಬಾನೆ ಪದಗಳನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಬಂದೆ.