ನಿಂತ ಕಾರಿನ ಚರಿತ್ರೆ

2020ರ ಮೇ ತಿಂಗಳ ಮೊದಲ ವಾರ. ಲಾಕ್‌ಡೌನ್ ಶುರುವಾಗಿ ನಲವತ್ತು ದಿನ ದಾಟಿತ್ತು. ಆಗ ನಾನು ಎಂ.ಎ. ವಿದ್ಯಾರ್ಥಿನಿ, ಧಾರವಾಡದ ಹಾಸ್ಟೆಲ್ ಮುಚ್ಚಿದ್ದರಿಂದ ಊರಿಗೆ, ಬಸವನ ಬಾಗೇವಾಡಿ ಸೀಮೆಯ ಮಸೂತಿಗೆ ಬಂದಿದ್ದೆ. ಒಂದು ರಾತ್ರಿ ಹನ್ನೊಂದರ ಹೊತ್ತಿಗೆ ಆಯಿಗೆ ದಮ್ಮು ಹತ್ತಿತು. ಆಂಬುಲೆನ್ಸ್ ಬೇರೆ ಊರಿಗೆ ಹೋಗಿತ್ತು. ಅಪ್ಪ ಕಾರಿನ ಕೀಲಿ ತಂದು ತಿರುವಿದ. ಟಕ್ ಟಕ್ ಟಕ್ ಎಂದಿತು, ಅಷ್ಟೇ. ಡ್ಯಾಶ್‌ಬೋರ್ಡಿನ ದೀಪಗಳು ಒಮ್ಮೆ ಮಿಣುಕಿ ಆರಿದವು.

ಓಣಿಯ ನಾಲ್ಕೈದು ಮಂದಿ ಎದ್ದು ಬಂದು ಗುಡಿಯ ತನಕ ನೂಕಿದರು. ಇಂಜಿನ್ ಕೆಮ್ಮಲಿಲ್ಲ ಕೂಡ. ಕೊನೆಗೆ ಎದುರು ಮನೆಯವರ ಟ್ರ್ಯಾಕ್ಟರ್ ತಂದು ಮೂತಿಗೆ ಮೂತಿ ಹಚ್ಚಿ ನಿಲ್ಲಿಸಿ, ಪಂಪ್‌ಸೆಟ್ಟಿನ ಕೇಬಲ್ ತುಂಡುಗಳಿಂದ ಆ ಬ್ಯಾಟರಿಯನ್ನೂ ಈ ಬ್ಯಾಟರಿಯನ್ನೂ ಜೋಡಿಸಿ, ಟ್ರ್ಯಾಕ್ಟರನ್ನು ಕಾಲು ತಾಸು ಚಾಲೂ ಇಟ್ಟ ಮೇಲೆ ನಮ್ಮ ಕಾರು ಎದ್ದಿತು. ಅಷ್ಟರಲ್ಲಿ ಮುಕ್ಕಾಲು ತಾಸು ಹೋಗಿತ್ತು. ಅಷ್ಟೂ ಹೊತ್ತು ಆಯಿ ಕಟ್ಟೆಯ ಮೇಲೆ ಅವ್ವನ ಎದೆಗೊರಗಿ ಕುಳಿತಿದ್ದಳು. ಅವಳ ಬೆನ್ನ ಹಿಂದೆ, ಹೊಲಗಳಾಚೆ, ಕೂಡಗಿ ಉಷ್ಣ ವಿದ್ಯುತ್ ಸ್ಥಾವರದ ಚಿಮಣಿಗಳ ಕೆಂಪು ದೀಪಗಳು ಕಾಣುತ್ತಿದ್ದವು. ಒಂದೊಂದೂ 800 ಮೆಗಾವಾಟ್‌ನ ಮೂರು ಘಟಕ, ಒಟ್ಟು 2,400 ಮೆಗಾವಾಟ್. ನಮಗೆ ಬೇಕಾಗಿದ್ದದ್ದು ಎರಡು ಸೆಕೆಂಡಿನ ಕರೆಂಟು.

ಆಯಿ ಉಳಿದಳು. ವಿಜಯಪುರದ ಆಸ್ಪತ್ರೆಯಲ್ಲಿ ವಾರ ಕಳೆದು ಮನೆಗೆ ಬಂದವಳು ಹೊಸ್ತಿಲಲ್ಲೇ ನಿಂತು ಅಪ್ಪನಿಗೆ ಕೇಳಿದ ಮೊದಲ ಮಾತು, "ಈಗರೆ ಚಾಲೂ ಆಗತೈತಿಲ್ಲೋ ನಿನ್ನ ಕಾರು?"

ಅಪ್ಪನಿಗೆ ತಿಳಿಯದೇ ಇದ್ದದ್ದು ಒಂದೇ. ಅವನು ಕಾರನ್ನು ಮರೆತು ಬಿಟ್ಟಿರಲಿಲ್ಲ. "ಪ್ರತಿ ಸೋಮವಾರ ಚಾಲೂ ಮಾಡೀನಿ, ಎರಡು ಮಿನಿಟು ಬಿಟ್ಟೀನಿ. ನಮ್ಮಪ್ಪ ಹಂಗ ಮಾಡತಿದ್ದ" ಎಂದು ಎಲ್ಲರಿಗೂ ಹೇಳುತ್ತಿದ್ದ. ಆ ಮಾತೇ ನನ್ನನ್ನು ಮುತ್ಯಾನ ವಹಿಯ ತನಕ ಒಯ್ದಿತು. ನನ್ನ ಸಂಶೋಧನೆ ಈಗ ಮುಂಬಯಿ ಪ್ರಾಂತದ ಕಾಲದ ಬಿಜಾಪುರ ಜಿಲ್ಲೆಯ ಮೋಟಾರು ಸಾರಿಗೆಯ ಮೇಲೆ. ಸರಕಾರಿ ಕಡತಗಳಲ್ಲಿ ಗಾಡಿ ಕಾಣುವುದು ಓಡುವಾಗ ಮಾತ್ರ: ಪರವಾನಗಿ, ತೆರಿಗೆ, ಅಪಘಾತ, ರಸ್ತೆ. ನಿಂತಾಗ ಅದೇನಾಗಿತ್ತು ಎಂಬುದಕ್ಕೆ ಕಡತವಿಲ್ಲ. ಎರಡನೇ ಮಹಾಯುದ್ಧದಲ್ಲಿ ಪೆಟ್ರೋಲಿಗೆ ರೇಷನ್ ಬಂದು ಗಾಡಿಗಳು ಗೂಡು ಸೇರಿದಾಗಲೂ ಕಾಗದಗಳು ಮಾತಾಡುವುದು ಕೂಪನ್ನಿನ ಬಗ್ಗೆ, ಇದ್ದಿಲು ಗ್ಯಾಸಿನ ಬಸ್ಸಿನ ಬಗ್ಗೆ. ಆದರೆ ನಮ್ಮಂಥ ಊರಿನ ಕಾರು ತನ್ನ ಆಯುಷ್ಯದ ಬಹುಪಾಲು ನಿಂತೇ ಕಳೆಯುತ್ತದೆ. ಮದುವೆ, ಆಸ್ಪತ್ರೆ, ಜಾತ್ರೆ, ಕೋರ್ಟಿನ ತಾರೀಖು. ಉಳಿದಂತೆ ಬೇವಿನ ನೆರಳು.

ಮುತ್ಯಾ ತಂದದ್ದು ಹಳೆಯ ಅಂಬಾಸಿಡರ್, ಎಪ್ಪತ್ತರ ದಶಕದಲ್ಲಿ, ಎರಡನೇ ಕೈಯಿಂದ. ಮಾರಿಸ್ ಆಕ್ಸ್‌ಫರ್ಡ್ ಎಂಬ ಇಂಗ್ಲಿಷ್ ಕಾರಿನ ಅಚ್ಚಿನಲ್ಲಿ ಬಂಗಾಳದ ಉತ್ತರಪಾರಾದ ಹಿಂದೂಸ್ಥಾನ್ ಮೋಟಾರ್ಸ್ 1957ರಿಂದ 2014ರವರೆಗೆ ತಯಾರಿಸಿದ ಗಾಡಿ. ಅದನ್ನು ಮಾರಿ ಬಹಳ ವರ್ಷವಾಯಿತು. ಅದರ ಲೆಕ್ಕದ ವಹಿ ಮಾತ್ರ ಅಟ್ಟದ ಮೇಲೆ ಉಳಿದಿತ್ತು, ಕೆಂಪು ರಟ್ಟಿನದು. ತಾರೀಖು, ಹೋದ ಊರು, ಹಾಕಿಸಿದ ಪೆಟ್ರೋಲು. ಪ್ರತಿ ಸಾಲಿನ ತುದಿಗೆ ಒಂದಕ್ಷರ: "ಸೆ", "ಹ್ಯಾ" ಅಥವಾ "ನೂ". ಇದೇನೆಂದು ನನಗೆ ಹೊಳೆಯಲಿಲ್ಲ. ಆಯಿಯೇ ಬಿಡಿಸಿ ಹೇಳಿದಳು. ಸೆಲ್ಫಿನಿಂದ ಚಾಲೂ ಆದರೆ ಸೆ, ಹ್ಯಾಂಡಲ್ ಹೊಡೆದರೆ ಹ್ಯಾ, ನೂಕಿದರೆ ನೂ. ಬೇಸಿಗೆಯ ಪುಟಗಳಲ್ಲಿ ಸೆ ಅಪರೂಪ.

"ಸೆಲ್ಫ್ ತಗೊಳ್ಳವಲ್ದು" ಎಂದು ನಮ್ಮ ಕಡೆ ಓದು ಬಾರದವರೂ ಹೇಳುತ್ತಾರೆ. ಸೆಲ್ಫ್ ಸ್ಟಾರ್ಟರಿನ ಅರ್ಧ ಹೆಸರು ಅದು. ಆ ಅರ್ಧ ಹೆಸರಿಗೆ ನೂರು ವರ್ಷ ದಾಟಿದ ಕಥೆಯಿದೆ. ಅಮೆರಿಕದ ಡೇಟನ್ ಊರಿನ ಚಾರ್ಲ್ಸ್ ಕೆಟರಿಂಗ್ ಮೊದಲು ನಗದು ಪೆಟ್ಟಿಗೆ ತಯಾರಿಸುವ ಕಂಪನಿಯಲ್ಲಿದ್ದವನು. ಗಲ್ಲಾಪೆಟ್ಟಿಗೆಯನ್ನು ವಿದ್ಯುತ್ತಿನಿಂದ ತೆರೆಯುವಂತೆ ಮಾಡಿದ್ದ. ಅಲ್ಲಿ ಕಲಿತದ್ದೆಂದರೆ, ಮೋಟಾರು ದಿನವಿಡೀ ದುಡಿಯಬೇಕಿಲ್ಲವಾದರೆ ಚಿಕ್ಕ ಮೋಟಾರಿಗೂ ಒಂದೆರಡು ಕ್ಷಣ ಅದರ ಶಕ್ತಿ ಮೀರಿದ ಕರೆಂಟು ಕೊಡಬಹುದು. ಅದೇ ಉಪಾಯ 1912ರ ಮಾದರಿಯ ಕ್ಯಾಡಿಲಾಕ್ ಕಾರಿಗೆ ಬಂತು. ಅದಕ್ಕೂ ಮೊದಲು ಹ್ಯಾಂಡಲ್ ಹೊಡೆಯಬೇಕಿತ್ತು. ಇಂಜಿನ್ ಹಿಂದಕ್ಕೆ ಒದೆದರೆ ಮಣಿಕಟ್ಟು ಮುರಿಯುತ್ತಿತ್ತು. ಕ್ಯಾಡಿಲಾಕ್ ಮುಖ್ಯಸ್ಥನ ಗೆಳೆಯನೊಬ್ಬ ದಾರಿಯಲ್ಲಿ ಸಿಕ್ಕಿಬಿದ್ದ ಹೆಂಗಸಿನ ಕಾರಿಗೆ ಹ್ಯಾಂಡಲ್ ಹೊಡೆಯಲು ಹೋಗಿ ದವಡೆ ಮುರಿದುಕೊಂಡು ಸತ್ತ, ಅದರಿಂದಲೇ ಸೆಲ್ಫ್ ಹುಟ್ಟಿತು ಎಂಬ ಕಥೆಯೊಂದಿದೆ. ಇಂಥ ಚೊಕ್ಕ ಕಥೆಗಳನ್ನು ನಾನು ಅರ್ಧ ಮಾತ್ರ ನಂಬುತ್ತೇನೆ. ಹ್ಯಾಂಡಲ್ಲಿನ ಅಪಾಯ ಮಾತ್ರ ನಿಜ. ಮುತ್ಯಾ ಅಪ್ಪನಿಗೆ ಕಲಿಸಿದ್ದನಂತೆ: "ಹೆಬ್ಬೆಟ್ಟು ಸುತ್ತಬ್ಯಾಡ, ಐದೂ ಬೆರಳು ಒಂದ ಕಡೆ ಇರಲಿ." ಒದೆದರೆ ಕೈ ಜಾರಿಬರಬೇಕು, ಅದಕ್ಕೆ. ಮನೆಯ ಹೆಣ್ಣುಮಕ್ಕಳಿಗೆ ಹ್ಯಾಂಡಲ್ ಮುಟ್ಟಲು ಬಿಡುತ್ತಿರಲಿಲ್ಲ. ಕಾರು ನಡೆಸುವುದು ಹೆಂಗಸರ ಕೈಗೂ ಬಂದದ್ದರಲ್ಲಿ ಸೆಲ್ಫಿನ ಪಾಲು ದೊಡ್ಡದು. ನಾನೂ ಆ ಲಾಭ ಪಡೆದವಳೇ.

ಆದರೆ ಅಂದಿನಿಂದ ಕಾರು ಒಂದು ಪೆಟ್ಟಿಗೆಯ ಹಂಗಿಗೆ ಬಿತ್ತು. ಆ ಪೆಟ್ಟಿಗೆ ಕಾರಿಗಿಂತ ಹಳೆಯದು. 1859ರಲ್ಲಿ ಫ್ರಾನ್ಸಿನ ಗಾಸ್ತೋನ್ ಪ್ಲಾಂಟೆ ಸೀಸದ ಎರಡು ಹಾಳೆಗಳನ್ನು ಸುರುಳಿ ಸುತ್ತಿ ಗಂಧಕಾಮ್ಲದಲ್ಲಿ ಅದ್ದಿಟ್ಟು, ಮತ್ತೆ ಮತ್ತೆ ತುಂಬಿ ಖಾಲಿ ಮಾಡುತ್ತ ಅದನ್ನು ಪಳಗಿಸಿದ. ತುಂಬಿಸಿ ಖಾಲಿ ಮಾಡಿದಷ್ಟೂ ಅದು ಹೆಚ್ಚು ಹಿಡಿಯುತ್ತಿತ್ತು. ಇಂದಿನ ಕಾರಿನ ಬ್ಯಾಟರಿ ಅದರ ಮರಿಮಗ. ಆರು ಕೋಣೆ, ಕೋಣೆಗೆ ಎರಡು ವೋಲ್ಟಿನ ಮೇಲಿಷ್ಟು. ಪೂರಾ ತುಂಬಿ ವಿಶ್ರಾಂತಿಯಲ್ಲಿದ್ದಾಗ 12.6 ವೋಲ್ಟ್ ತೋರಿಸುತ್ತದೆ. 12ಕ್ಕೆ ಇಳಿದರೆ ಬಹುತೇಕ ಬರಿದಾದಂತೆ. ಖಾಲಿಯಾಗುವಾಗ ಎರಡೂ ಬಗೆಯ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ನವುರಾಗಿ ಕೂಡುತ್ತದೆ. ಬೇಗ ಚಾರ್ಜು ಕೊಟ್ಟರೆ ಕರಗಿ ಹೋಗುತ್ತದೆ. ವಾರಗಟ್ಟಲೆ ಹಾಗೇ ಬಿಟ್ಟರೆ ಹರಳುಗಟ್ಟಿ ಗಡುಸಾಗುತ್ತದೆ, ಮತ್ತೆ ಕರಗುವುದಿಲ್ಲ. ಅಷ್ಟು ಜಾಗ ಸತ್ತ ಹಾಗೆ. ಯಾರೂ ಮುಟ್ಟದಿದ್ದರೂ ಬ್ಯಾಟರಿ ತಾನೇ ಸೋರುತ್ತಿರುತ್ತದೆ. ಶಾಖ ಹತ್ತು ಡಿಗ್ರಿ ಏರಿದರೆ ಆ ಸೋರಿಕೆ ಸುಮಾರು ಇಮ್ಮಡಿ. ನಲವತ್ತು ಡಿಗ್ರಿ ದಾಟುವ ನಮ್ಮ ಬೇಸಿಗೆಯ ಪುಟಗಳಲ್ಲಿ "ನೂ" ಏಕೆ ತುಂಬಿತ್ತು ಎಂಬುದು ಇಷ್ಟರಲ್ಲೇ ತಿಳಿಯಿತು.

ಇದನ್ನು ನನಗೆ ಪುಸ್ತಕಕ್ಕಿಂತ ಚೆನ್ನಾಗಿ ಹೇಳಿದವರು ಬಾಗೇವಾಡಿಯ ಒಬ್ಬ ಬ್ಯಾಟರಿ ಅಂಗಡಿಯ ಕಾಕಾ. "ಎಮ್ಮಿ ಹಿಂಡದ ಬಿಟ್ರ ಏನಾಗತೈತಿ ಯವ್ವಾ? ಬತ್ತತೈತಿ. ಇದೂ ಹಂಗ. ತಗೀಬೇಕು, ತುಂಬಬೇಕು."

ವಹಿಯಲ್ಲಿ ನನಗೆ ಬಹಳ ಹಿಡಿಸಿದ್ದು 1987ರ ಪುಟಗಳು. ಆ ವರ್ಷ ಜನವರಿಯಲ್ಲಿ ದೂರದರ್ಶನದಲ್ಲಿ ರಾಮಾಯಣ ಶುರುವಾಗಿತ್ತು. ಭಾನುವಾರ ಬೆಳಗ್ಗೆ ಕರೆಂಟಿನ ಭರವಸೆ ಇರಲಿಲ್ಲ. ನಮ್ಮ ಮನೆಯ ಕಪ್ಪು ಬಿಳುಪು ಟಿ.ವಿ. 12 ವೋಲ್ಟಿನ ಮೇಲೂ ನಡೆಯುತ್ತಿತ್ತು. ಮುತ್ಯಾ ಶನಿವಾರ ಕಾರಿನ ಬ್ಯಾಟರಿ ಬಿಚ್ಚಿ ಪಡಸಾಲೆಗೆ ತಂದಿಡುತ್ತಿದ್ದ. ಓಣಿಯೆಲ್ಲ ಕೂತು ನೋಡುತ್ತಿತ್ತು. ಸೋಮವಾರ ಅದು ಸೈಕಲ್ ಕ್ಯಾರಿಯರ್ ಮೇಲೆ ಗೋಣಿತಟ್ಟಿನಲ್ಲಿ ಕೂತು ಬಾಗೇವಾಡಿಗೆ ಚಾರ್ಜಿಗೆ ಹೋಗುತ್ತಿತ್ತು. ಒಂದು ದಿನ ಆಸಿಡ್ ಚೆಲ್ಲಿ ಕಾಕಂದಿರೊಬ್ಬರ ಧೋತರ ತೂತು ಬಿದ್ದದ್ದನ್ನು ಆಯಿ ಇವತ್ತಿಗೂ ನಗುತ್ತ ಹೇಳುತ್ತಾಳೆ. ಆ ವರ್ಷ ಕಾರು ಓಡಿದ್ದು ಕಡಿಮೆ. ಆದರೂ ಸಾಲಿನ ತುದಿಯಲ್ಲಿ ಬೇಸಿಗೆಯಲ್ಲೂ "ಸೆ", "ಸೆ", "ಸೆ". ಕಾರಿಗೆಂದು ಯಾರೂ ಮಾಡದ ಆರೈಕೆಯನ್ನು ಅದರ ಬ್ಯಾಟರಿಗೆ ರಾಮಾಯಣ ಮಾಡಿತ್ತು: ವಾರಕ್ಕೊಮ್ಮೆ ಇಳಿಸುವುದು, ವಾರಕ್ಕೊಮ್ಮೆ ಪೂರ್ತಿ ತುಂಬುವುದು.

ಇನ್ನು ಅಪ್ಪನ ಸೋಮವಾರದ ವಿಷಯ. ಮುತ್ಯಾನ ಅಂಬಾಸಿಡರಿಗೆ ಇದ್ದದ್ದು ಡೈನಮೋ. ಇಂಜಿನ್ ನಿಧಾನಕ್ಕೆ ಗುರುಗುಟ್ಟುತ್ತಿದ್ದರೆ ಡೈನಮೋದ ವೋಲ್ಟು ಬ್ಯಾಟರಿಯದಕ್ಕಿಂತ ಕೆಳಗೇ ಇರುತ್ತದೆ. ಬ್ಯಾಟರಿಯ ಕರೆಂಟು ಹಿಂದಕ್ಕೆ ಹರಿಯಬಾರದೆಂದು ಕಟೌಟ್ ಎಂಬ ರಿಲೇ ಸಂಪರ್ಕವನ್ನೇ ಕಡಿದುಬಿಡುತ್ತದೆ. ಮುಂದೆ ಕೆಂಪು ದೀಪ ಉರಿಯುತ್ತದೆ. ಅಂದರೆ ಮನೆಯ ಮುಂದೆ ಎರಡು ಮಿನಿಟು ಚಾಲೂ ಇಟ್ಟರೆ ಬ್ಯಾಟರಿಗೆ ಬರುವುದು ಏನೂ ಇಲ್ಲ, ಹೋಗುವುದು ಮಾತ್ರ. ಇದು ಮುತ್ಯಾನಿಗೆ ಗೊತ್ತಿತ್ತು. ವಹಿಯ ಸೋಮವಾರಗಳ ಮುಂದೆ ಊರಿನ ಹೆಸರಿದೆ: ಕೊಲ್ಹಾರ, ತೆಲಗಿ, ಬಾಗೇವಾಡಿ. ಆತ ಚಾಲೂ ಮಾಡುತ್ತಿದ್ದುದು ಹೋಗಿಬರಲಿಕ್ಕೆ. ಹೋಗುವ ಕೆಲಸವಿಲ್ಲದ ತಿಂಗಳಲ್ಲಿ "ಟರ್ಮಿನಲ್ ತೆಗೆದಿಟ್ಟಿದೆ" ಎಂಬ ಸಾಲಿದೆ. ಆಗ ಐದಾರು ವರ್ಷದ ಹುಡುಗನಾಗಿದ್ದ ಅಪ್ಪನ ನೆನಪಿನಲ್ಲಿ ಉಳಿದದ್ದು ಬೆಳಗಿನ ಹೊತ್ತು ಮನೆಯ ಮುಂದೆ ಕಾರು ಗುಡುಗಿದ ಸದ್ದು. ಅದು ಆಮೇಲೆ ಎಲ್ಲಿಗೆ ಹೋಯಿತು ಎಂಬುದು ಉಳಿಯಲಿಲ್ಲ. ಮೌಖಿಕ ಇತಿಹಾಸದ ತರಗತಿಯಲ್ಲಿ ಇಂಥದಕ್ಕೆ ಎಷ್ಟೋ ಉದಾಹರಣೆ ಕೇಳಿದ್ದೆ. ನಮ್ಮ ಮನೆಯ ಅಂಗಳದಲ್ಲೇ ಒಂದಿತ್ತು.

ಡೈನಮೋ ಹೋಗಿ ಆಲ್ಟರ್ನೇಟರ್ ಬಂತು. ಅದು ನಿಧಾನದಲ್ಲೂ ಅಷ್ಟಿಷ್ಟು ತುಂಬುತ್ತದೆ, ನಿಜ. ಆದರೆ ಅಷ್ಟರಲ್ಲಿ ಕಾರೂ ಬದಲಾಗಿತ್ತು. 1983ರ ಡಿಸೆಂಬರ್ 14ರಂದು ಮೊದಲ ಮಾರುತಿ 800 ಕಾರಿನ ಕೀಲಿ ಕೊಟ್ಟ ದಿನವನ್ನು ನಮ್ಮ ಮೋಟಾರು ಚರಿತ್ರೆ ಹಬ್ಬದ ಹಾಗೆ ನೆನೆಯುತ್ತದೆ. ಆ ಕಾರಿನ ಮೂತಿಯಲ್ಲಿ ಹ್ಯಾಂಡಲ್ ತೂರಿಸುವ ತೂತು ಇರಲಿಲ್ಲ ಎಂಬುದನ್ನು ಯಾರೂ ಬರೆದದ್ದು ನಾನು ಕಂಡಿಲ್ಲ. ವಹಿಯ ಮೂರು ಅಕ್ಷರಗಳಲ್ಲಿ ಒಂದು ಅಂದೇ ಅಳಿಯಿತು. ಕಾರ್ಬುರೇಟರ್ ಹೋಗಿ ಎಲೆಕ್ಟ್ರಾನಿಕ್ ಇಂಜೆಕ್ಷನ್ ಬಂದ ಮೇಲೆ "ನೂ" ಕೂಡ ಬಲಹೀನವಾಯಿತು. ಪೆಟ್ರೋಲ್ ಪಂಪಿಗೂ ಕಂಪ್ಯೂಟರಿಗೂ ಜೀವ ಇರುವಷ್ಟು ಕರೆಂಟು ಬ್ಯಾಟರಿಯಲ್ಲಿ ಇರದಿದ್ದರೆ ಹತ್ತು ಮಂದಿ ನೂಕಿದರೂ ಕಾರು ಏಳುವುದಿಲ್ಲ. ಆ ರಾತ್ರಿ ಗುಡಿಯ ತನಕ ಆಗಿದ್ದು ಅದೇ. ಇದರ ಮೇಲೆ ಗಡಿಯಾರ, ರಿಮೋಟ್ ಲಾಕು, ಕಳ್ಳರ ಅಲಾರಂ, ಇವು ಕಾರು ಮಲಗಿದಾಗಲೂ ಎಚ್ಚರವಾಗಿರುತ್ತವೆ. ಎಲ್ಲ ಸೇರಿ 40 ಮಿಲಿಆಂಪಿಯರ್ ಹೀರಿದರೂ ದಿನಕ್ಕೆ ಹತ್ತಿರ ಹತ್ತಿರ ಒಂದು ಆಂಪಿಯರ್-ಅವರ್. ನಮ್ಮ ಸಣ್ಣ ಕಾರಿನ ಬ್ಯಾಟರಿ 35ರದ್ದು. ನಲವತ್ತು ದಿನದ ಲೆಕ್ಕ ಬೆರಳ ಮೇಲೇ ಮುಗಿಯುತ್ತದೆ. ಅಪ್ಪನ ಎರಡೆರಡು ಮಿನಿಟು ಅದರಲ್ಲಿ ಎಷ್ಟು ತುಂಬೀತು?

ದಿನವೂ ಆಫೀಸಿಗೆ ಹೋಗಿಬರುವವನನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಯಂತ್ರ ಇದು ಎಂದು ನನಗನ್ನಿಸುತ್ತದೆ. ತಿಂಗಳಿಗೊಮ್ಮೆ ಏಳುವ, ಆದರೆ ಎದ್ದಾಗ ಪ್ರಾಣದ ಪ್ರಶ್ನೆಯಾಗಿರುವ ಹಳ್ಳಿಯ ಕಾರು ಅದರ ವಿನ್ಯಾಸಗಾರನ ಕಣ್ಣಿಗೆ ಬಿದ್ದಿಲ್ಲ. ಟ್ರ್ಯಾಕ್ಟರ್ ಹಾಗಲ್ಲ. ಅದಕ್ಕೆ ಗಡಿಯಾರವಿಲ್ಲ, ಅಲಾರಂ ಇಲ್ಲ, ಮೇಲೆ ದಿನವೂ ದುಡಿತ. ನಮ್ಮ ಓಣಿಯ ನಿಂತ ಕಾರುಗಳನ್ನೆಲ್ಲ ಎಬ್ಬಿಸುವುದು ಇವತ್ತಿಗೂ ಅದೇ.

ಕಾಕಾ ಹೇಳಿಕೊಟ್ಟಂತೆ ನಾವೀಗ ಮಾಡುವುದು ಇಷ್ಟು. ವಾರಕ್ಕಿಂತ ಹೆಚ್ಚು ನಿಲ್ಲುವುದಿದ್ದರೆ ಮೈನಸ್ ಟರ್ಮಿನಲ್ ಬಿಚ್ಚಿ ಪಕ್ಕಕ್ಕೆ ಸರಿಸಿಡುತ್ತೇವೆ. ಬಿಚ್ಚುವಾಗ ಮೊದಲು ಮೈನಸ್, ಹಾಕುವಾಗ ಕೊನೆಗೆ ಮೈನಸ್. ಪ್ಲಸ್ ಮೇಲಿನ ಪಾನಾ ಕಾರಿನ ಮೈಗೆ ತಾಗಿದರೆ ಕಿಡಿ ಹಾರುತ್ತದೆ. ತಿಂಗಳಿಗೊಮ್ಮೆ ಸಣ್ಣ ಚಾರ್ಜರ್ ಹಚ್ಚಿ ರಾತ್ರಿಯಿಡೀ ನಿಧಾನಕ್ಕೆ ತುಂಬಿಸುತ್ತೇವೆ. ತುಂಬಿದ ಮೇಲೆ ತಾನೇ ಕಡಿಮೆಯಾಗುವಂಥದ್ದು. ಟರ್ಮಿನಲ್ಲಿಗೆ ಬಿಳಿ ಹಿಟ್ಟು ಹಿಡಿದಿದ್ದರೆ ಬಿಸಿನೀರು ಹಾಕಿ ತೊಳೆದು, ಒಣಗಿದ ಮೇಲೆ ವ್ಯಾಸಲೀನ್ ಹಚ್ಚುತ್ತೇವೆ. ಚಾಲೂ ಮಾಡಿದರೆ ಅರ್ಧ ತಾಸಾದರೂ ಓಡಿಸುತ್ತೇವೆ, ಇಲ್ಲವಾದರೆ ಮುಟ್ಟುವುದೇ ಇಲ್ಲ. ಪಂಪ್‌ಸೆಟ್ಟಿನ ಕೇಬಲ್ಲಿನ ಬದಲು ಡಿಕ್ಕಿಯಲ್ಲಿ ಸರಿಯಾದ ದಪ್ಪ ಕೇಬಲ್ ಜೋಡಿ ಇದೆ. ಅದನ್ನು ಓಣಿಯವರು ನಮಗಿಂತ ಹೆಚ್ಚು ಬಳಸಿದ್ದಾರೆ.

ನಾನು ಊರಿಗೆ ಬಂದ ಭಾನುವಾರಗಳಲ್ಲಿ ಆಯಿಯನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಆಲಮಟ್ಟಿಯ ಕಡೆ ಹೋಗಿಬರುತ್ತೇನೆ. ಮುತ್ಯಾನ ವಹಿಯಲ್ಲಿ ಕೊನೆಗೆ ಹತ್ತಿಪ್ಪತ್ತು ಪುಟ ಖಾಲಿ ಉಳಿದಿದ್ದವು. ತಾರೀಖು, ಊರು, ಪೆಟ್ರೋಲು ಬರೆದು ಸಾಲಿನ ತುದಿಗೆ "ಸೆ" ಹಾಕುತ್ತೇನೆ. ಹಿಂದಿನ ತಿಂಗಳು ಹೊರಟಾಗ ಟರ್ಮಿನಲ್ ಹಾಕುವುದನ್ನು ಮರೆತು ಕೀಲಿ ತಿರುವಿದೆ. ಟಕ್ ಎನ್ನುವ ಸದ್ದೂ ಬರಲಿಲ್ಲ. ಆಯಿ ಸೀಟು ಬೆಲ್ಟ್ ಬಿಚ್ಚುತ್ತ, "ಇಳೀಲೇನು, ನೂಕಾಕ?" ಎಂದಳು.