ಹೆಗಲ ಮೇಲಿನ ಚೀಲ: ಇಂಡಿಯನ್ ಓಪನ್ ಗಾಲ್ಫ್ ಮತ್ತು ಅದರ ವಿಜೇತರು

ದೆಹಲಿಯ ಲೋದಿ ಎಸ್ಟೇಟಿನಲ್ಲಿ ನಮ್ಮ ಕನ್ನಡ ಶಾಲೆ ಇದೆ. ಅಲ್ಲಿಂದ ಹೆಚ್ಚು ದೂರವಿಲ್ಲದ ಡಾ. ಝಾಕಿರ್ ಹುಸೇನ್ ಮಾರ್ಗದ ಪಕ್ಕದಲ್ಲಿ ಒಂದು ದೊಡ್ಡ ಆವರಣವಿದೆ. ಅದರೊಳಗೆ ದಟ್ಟವಾದ ಮರಗಳು, ಅವುಗಳ ನಡುವೆ ಹಳೆಯ ಗೋರಿಗಳ ಗುಮ್ಮಟಗಳು, ನವಿಲುಗಳು. ಅದು ದೆಹಲಿ ಗಾಲ್ಫ್ ಕ್ಲಬ್. ರಾಜಧಾನಿಯಲ್ಲಿ ದಶಕಗಳಿಂದ ನೆಲೆಸಿರುವ ಕನ್ನಡಿಗರಲ್ಲಿ ಬಹುತೇಕರು ಅದನ್ನು ಕಂಡಿರುವುದು ಹೊರಗಿನಿಂದಲೇ. ಅದರ ಸದಸ್ಯತ್ವಕ್ಕೆ ಅರ್ಜಿ ಸಲ್ಲಿಸಿದವರು ದಶಕಗಟ್ಟಲೆ ಕಾಯುವುದುಂಟು ಎಂಬ ಮಾತು ನಗರದಲ್ಲಿ ಎಲ್ಲರಿಗೂ ತಿಳಿದದ್ದೇ.

ಇಷ್ಟು ಮುಚ್ಚಿದ ಆವರಣದೊಳಗೆ 1964ರಲ್ಲಿ ಒಂದು ಸ್ಪರ್ಧೆ ಆರಂಭವಾಯಿತು. ಅದರ ಹೆಸರು ಇಂಡಿಯನ್ ಓಪನ್. ಓಪನ್ ಎಂದರೆ ತೆರೆದದ್ದು. ಹವ್ಯಾಸಿ, ವೃತ್ತಿಪರ, ಸ್ವದೇಶಿ, ವಿದೇಶಿ ಎಂಬ ಭೇದವಿಲ್ಲದೆ ಅರ್ಹತೆಯುಳ್ಳ ಯಾರೂ ಆಡಬಹುದು ಎಂಬುದು ಆ ಶಬ್ದದ ಅರ್ಥ. ಈ ಅರ್ಥ ಎಷ್ಟರಮಟ್ಟಿಗೆ ನಿಜವಾಯಿತು ಎಂಬುದನ್ನು ಅರಿಯಲು ವಿಜೇತರ ಪಟ್ಟಿಗಿಂತ ಉತ್ತಮವಾದ ದಾಖಲೆ ಇಲ್ಲ. ಆ ಪಟ್ಟಿಯನ್ನು ಸಾವಧಾನವಾಗಿ ಓದಿದರೆ, ಶ್ರೀಮಂತರ ಆಟವೆಂದು ನಾವು ಬದಿಗಿಟ್ಟಿರುವ ಗಾಲ್ಫ್‌ನೊಳಗೆ ಬೇರೆಯೇ ಒಂದು ಚರಿತ್ರೆ ಕಾಣಿಸುತ್ತದೆ. ಅದು ಆಡುವವರ ಹಿಂದೆ ಚೀಲ ಹೊತ್ತು ನಡೆದವರ ಚರಿತ್ರೆ.

ಓಪನ್ ಎಂಬ ಕಲ್ಪನೆ ಹುಟ್ಟಿದ್ದು ಸ್ಕಾಟ್ಲೆಂಡಿನಲ್ಲಿ. 1860ರ ಅಕ್ಟೋಬರಿನಲ್ಲಿ ಪ್ರೆಸ್ಟ್‌ವಿಕ್ ಎಂಬಲ್ಲಿ ಎಂಟು ಮಂದಿ ವೃತ್ತಿಪರರು ಒಂದು ಸ್ಪರ್ಧೆಯಲ್ಲಿ ಆಡಿದರು. ವಿಜೇತನಿಗೆ ಕೆಂಪು ಚರ್ಮದ ಪಟ್ಟಿಯೊಂದು ಬಹುಮಾನ. ಅದನ್ನು ಗೆದ್ದವನು ವಿಲ್ಲಿ ಪಾರ್ಕ್. ಆ ಕಾಲದಲ್ಲಿ ಗಾಲ್ಫ್‌ನ ವೃತ್ತಿಪರ ಎಂದರೆ ಇಂದಿನ ಕೋಟ್ಯಧಿಪತಿಯಲ್ಲ. ಚೆಂಡು ತಯಾರಿಸುವವನು, ಕೋಲುಗಳನ್ನು ದುರಸ್ತಿ ಮಾಡುವವನು, ಹುಲ್ಲು ನೋಡಿಕೊಳ್ಳುವವನು, ಧಣಿಗಳ ಕೋಲಿನ ಚೀಲ ಹೊರುವ ಕ್ಯಾಡಿ, ಇವರೇ ವೃತ್ತಿಪರರು. ಆಟದಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಆದರೂ ಕ್ಲಬ್ಬಿನ ಮನೆಯೊಳಗೆ ಅವರಿಗೆ ಪ್ರವೇಶವಿರಲಿಲ್ಲ. 1920ರಷ್ಟು ತಡವಾಗಿಯೂ ಇದೇ ಸ್ಥಿತಿ. ಆ ವರ್ಷ ಇಂಗ್ಲೆಂಡಿನ ಡೀಲ್‌ನಲ್ಲಿ ಓಪನ್ ಆಡಲು ಬಂದ ಅಮೆರಿಕದ ವಾಲ್ಟರ್ ಹೇಗನ್, ಒಳಗೆ ಬಟ್ಟೆ ಬದಲಾಯಿಸಲು ಅವಕಾಶವಿಲ್ಲವೆಂದು ತಿಳಿದಾಗ, ಬಾಡಿಗೆಯ ದೊಡ್ಡ ಕಾರೊಂದನ್ನು ಕ್ಲಬ್ಬಿನ ಮುಂದೆಯೇ ನಿಲ್ಲಿಸಿ ಅದನ್ನೇ ತನ್ನ ಕೋಣೆಯಾಗಿ ಮಾಡಿಕೊಂಡನು.

ಈ ಆಟವನ್ನು ಬ್ರಿಟಿಷರು ಭಾರತಕ್ಕೆ ತಂದಾಗ ಈ ಭೇದವನ್ನೂ ಜೊತೆಗೇ ತಂದರು. ಇಲ್ಲಿ ಅದಕ್ಕೆ ಬಣ್ಣದ ಭೇದವೂ ಸೇರಿತು. ಕೋಲ್ಕತ್ತದ ಗಾಲ್ಫ್ ಕ್ಲಬ್ ಸ್ಥಾಪನೆಯಾದದ್ದು 1829ರಲ್ಲಿ. ಬ್ರಿಟನ್ನಿನ ದ್ವೀಪಗಳ ಹೊರಗೆ ಇದಕ್ಕಿಂತ ಹಳೆಯ ಗಾಲ್ಫ್ ಕ್ಲಬ್ ಇಲ್ಲ. 1911ರಲ್ಲಿ ಐದನೆಯ ಜಾರ್ಜ್ ದೊರೆ ಭಾರತಕ್ಕೆ ಬಂದಾಗ ಅದಕ್ಕೆ ‘ರಾಯಲ್’ ಎಂಬ ಬಿರುದು ದೊರೆಯಿತು. ಬೆಂಗಳೂರು ಗಾಲ್ಫ್ ಕ್ಲಬ್ 1876ರಷ್ಟು ಹಳೆಯದು. ಈ ಕ್ಲಬ್ಬುಗಳ ಸುತ್ತಲಿನ ಹಳ್ಳಿ, ಕೇರಿಗಳ ಹುಡುಗರು ಚೀಲ ಹೊರಲು ಬಂದರು. ದೊರೆಗಳು ಹೋಗಿ ಅಧಿಕಾರಿಗಳು, ವ್ಯಾಪಾರಿಗಳು ಬಂದರೂ ಚೀಲ ಹೊರುವವರು ಅದೇ ಮನೆಗಳವರಾಗಿ ಉಳಿದರು. ತಂದೆಯ ಕೆಲಸ ಮಗನಿಗೆ ಬರುತ್ತಿತ್ತು.

ಇಂಡಿಯನ್ ಓಪನ್‌ನ ಹುಟ್ಟಿನ ಹಿಂದೆ ಇದ್ದವರಲ್ಲಿ ಪ್ರಮುಖರು ಆಸ್ಟ್ರೇಲಿಯಾದ ಪೀಟರ್ ಥಾಮ್ಸನ್. ಬ್ರಿಟಿಷ್ ಓಪನ್ ಅನ್ನು 1954, 1955, 1956, 1958 ಮತ್ತು 1965ರಲ್ಲಿ ಐದು ಬಾರಿ ಗೆದ್ದ ಮಹಾನ್ ಆಟಗಾರ. ಏಷ್ಯಾದಲ್ಲಿ ವೃತ್ತಿಪರ ಗಾಲ್ಫ್ ಬೇರೂರಬೇಕೆಂದು ಅವರು ದುಡಿದರು. ಭಾರತಕ್ಕೆ ಮತ್ತೆ ಮತ್ತೆ ಬಂದರು. 1964ರ ಮೊದಲ ಇಂಡಿಯನ್ ಓಪನ್ ಅನ್ನು ಗೆದ್ದವರು ಅವರೇ. 1966ರಲ್ಲಿಯೂ 1976ರಲ್ಲಿಯೂ ಮತ್ತೆ ಗೆದ್ದರು. ಎಪ್ಪತ್ತರ ದಶಕದಲ್ಲಿ ದೆಹಲಿ ಗಾಲ್ಫ್ ಕ್ಲಬ್ಬಿನ ಅಂಗಳಕ್ಕೆ ಹೊಸ ರೂಪ ಕೊಟ್ಟವರೂ ಅವರೇ. ಬೆಂಗಳೂರಿನ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ನಿನ ಅಂಗಳದ ವಿನ್ಯಾಸದಲ್ಲಿಯೂ ಅವರ ಕೈ ಇದೆ.

ಎರಡನೆಯ ವರ್ಷವೇ ಒಂದು ಅಚ್ಚರಿ ನಡೆಯಿತು. 1965ರಲ್ಲಿ ಕೋಲ್ಕತ್ತದಲ್ಲಿ ನಡೆದ ಸ್ಪರ್ಧೆಯಲ್ಲಿ ವಿದೇಶಿ ವೃತ್ತಿಪರರನ್ನೆಲ್ಲ ಹಿಂದಿಕ್ಕಿ ಗೆದ್ದವರು ಪಿ.ಜಿ. ಸೇಥಿ. ಗೆಳೆಯರು ಬಿಲ್ಲೂ ಎಂದು ಕರೆಯುತ್ತಿದ್ದ ಸೇಥಿ ಹವ್ಯಾಸಿ ಆಟಗಾರ. ಅರ್ಜುನ ಪ್ರಶಸ್ತಿ ಸ್ಥಾಪನೆಯಾದ 1961ರಲ್ಲಿಯೇ ಅದನ್ನು ಪಡೆದವರು. ಇಂಡಿಯನ್ ಓಪನ್ ಗೆದ್ದ ಹವ್ಯಾಸಿ ಇಂದಿಗೂ ಅವರೊಬ್ಬರೇ. ಆ ಕಾಲದ ಭಾರತದಲ್ಲಿ ಗಾಲ್ಫ್‌ನ ಗೌರವವೆಲ್ಲ ಹವ್ಯಾಸಿಯದು. ಹವ್ಯಾಸಿಗೆ ಕ್ಲಬ್ಬಿನ ಸದಸ್ಯತ್ವವಿತ್ತು, ಒಳ್ಳೆಯ ಕೋಲುಗಳಿದ್ದವು, ಪ್ರಯಾಣಕ್ಕೆ ಹಣವಿತ್ತು. ವೃತ್ತಿಪರನೆಂದರೆ ಬಹುಪಾಲು ಚೀಲ ಹೊರುತ್ತ ಬೆಳೆದವನು. ಸದಸ್ಯರಿಗೆ ಪಾಠ ಹೇಳಿ ದಿನಗೂಲಿ ಸಂಪಾದಿಸುವವನು.

ಸೇಥಿಯವರ ಬಳಿಕ ಇಪ್ಪತ್ತಾರು ವರ್ಷ ಭಾರತೀಯರ ಹೆಸರು ಪಟ್ಟಿಯಲ್ಲಿ ಕಾಣುವುದಿಲ್ಲ. ಜಪಾನಿನ ಕೆಂಜಿ ಹೊಸೊಯಿಶಿ, ಫಿಲಿಪೈನ್ಸಿನ ಬೆನ್ ಅರ್ಡಾ, ಆಸ್ಟ್ರೇಲಿಯಾದ ಗ್ರಹಾಂ ಮಾರ್ಷ್ ಮತ್ತು ಬ್ರಯನ್ ಜೋನ್ಸ್, ತೈವಾನಿನ ಆಟಗಾರರು, ಅಮೆರಿಕದ ತರುಣರು ಹೀಗೆ ಪಟ್ಟಿ ಬೆಳೆಯುತ್ತದೆ. 1981ರ ವಿಜೇತ ಅಮೆರಿಕದ ಪೇಯ್ನ್ ಸ್ಟೀವರ್ಟ್. ತನ್ನ ದೇಶದ ದೊಡ್ಡ ಸ್ಪರ್ಧೆಗಳಲ್ಲಿ ನೆಲೆ ಸಿಗದೆ ಏಷ್ಯಾದಲ್ಲಿ ಅದೃಷ್ಟ ಹುಡುಕಿ ಬಂದಿದ್ದ ಆ ಯುವಕ ಮುಂದೆ 1989ರಲ್ಲಿ ಪಿಜಿಎ ಚಾಂಪಿಯನ್‌ಷಿಪ್, 1991 ಮತ್ತು 1999ರಲ್ಲಿ ಯು.ಎಸ್. ಓಪನ್ ಗೆದ್ದು ಜಗತ್ಪ್ರಸಿದ್ಧನಾದನು. 1999ರ ಅಕ್ಟೋಬರಿನಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡನು. ಅಂತಹವರಿಗೆ ಇಂಡಿಯನ್ ಓಪನ್ ಏಣಿಯ ಒಂದು ಮೆಟ್ಟಿಲು. ಅದೇ ಅಂಗಳದ ಭಾರತೀಯ ವೃತ್ತಿಪರನಿಗೆ ಅದು ವರ್ಷಕ್ಕೊಮ್ಮೆ ಜಗತ್ತು ತನ್ನ ಬಾಗಿಲಿಗೆ ಬರುವ ನಾಲ್ಕು ದಿನ.

1991ರಲ್ಲಿ ಆ ನಾಲ್ಕು ದಿನಗಳು ಅಲಿ ಶೇರ್ ಅವರದಾದವು. ದೆಹಲಿ ಗಾಲ್ಫ್ ಕ್ಲಬ್ಬಿನಲ್ಲಿ ಕ್ಯಾಡಿಯಾಗಿ ಬೆಳೆದ ಅಲಿ ಶೇರ್ ಇಂಡಿಯನ್ ಓಪನ್ ಗೆದ್ದ ಮೊದಲ ಭಾರತೀಯ ವೃತ್ತಿಪರ. ಅದೇ ವರ್ಷದ ಅರ್ಜುನ ಪ್ರಶಸ್ತಿಯೂ ಅವರಿಗೆ ಬಂತು. ಆಕಸ್ಮಿಕವಾಗಿ ಗೆದ್ದರೆಂದು ಯಾರಾದರೂ ಭಾವಿಸಿದ್ದರೆ, 1993ರಲ್ಲಿ ಎರಡನೆಯ ಬಾರಿ ಗೆದ್ದು ಅವರು ಉತ್ತರ ಕೊಟ್ಟರು.

ಈ ಗೆಲುವನ್ನು ಪವಾಡವೆಂದು ಬಣ್ಣಿಸುವುದು ಸುಲಭ. ಆದರೆ ಅದಕ್ಕೆ ಕಾರಣಗಳಿವೆ. ಕ್ಯಾಡಿಯ ಕೆಲಸ ಕೇವಲ ಹೊರೆ ಹೊರುವುದಲ್ಲ. ಇಲ್ಲಿಂದ ಗುಳಿಗೆ ಎಷ್ಟು ಗಜ, ಗಾಳಿ ಯಾವ ಕಡೆಯದು, ಹುಲ್ಲು ಯಾವ ದಿಕ್ಕಿಗೆ ಮಲಗಿದೆ, ನೆಲ ಕಣ್ಣಿಗೆ ಕಾಣದಷ್ಟು ಎತ್ತ ಇಳಿಯುತ್ತದೆ, ಯಾವ ಕೋಲು ಬಳಸಬೇಕು ಎಂಬುದನ್ನು ಧಣಿಗೆ ತಿಳಿಸಬೇಕಾದವನು ಅವನು. ಸಾವಿರಾರು ಸಲ ಅದೇ ಹದಿನೆಂಟು ಗುಳಿಗಳ ದಾರಿ ನಡೆದವನಿಗೆ ಅಂಗಳ ಪಾದದಲ್ಲಿಯೇ ದಾಖಲಾಗುತ್ತದೆ. ನೂರಾರು ಜನರ ಹೊಡೆತಗಳನ್ನು ಹತ್ತಿರದಿಂದ ನೋಡಿ ತಪ್ಪು ಯಾವುದು, ಸರಿ ಯಾವುದು ಎಂದು ಅವನು ಕಲಿಯುತ್ತಾನೆ. ಕ್ಲಬ್ಬಿಗೆ ವಾರದ ರಜೆಯಿರುವ ದಿನ, ಬೇರೊಬ್ಬರು ಬಿಟ್ಟ ಹಳೆಯ ಕೋಲಿನಿಂದ ಆಡಿ ಅದನ್ನು ಮೈಗೂಡಿಸಿಕೊಳ್ಳುತ್ತಾನೆ. ದೆಹಲಿಯ ಅಂಗಳದ ದಾರಿಗಳು ಕಿರಿದು. ಎರಡೂ ಬದಿಗೆ ಮುಳ್ಳುಗಿಡಗಳ ಪೊದೆ. ದೂರ ಹೊಡೆಯಬಲ್ಲ ವಿದೇಶಿಯರಿಗೆ ಅಲ್ಲಿ ತಮ್ಮ ಬಲವೇ ಶತ್ರುವಾಗುತ್ತದೆ. ಎಲ್ಲಿ ತಡೆದು ಹೊಡೆಯಬೇಕೆಂದು ತಿಳಿದವನಿಗೆ ಆ ಅಂಗಳ ಒಲಿಯುತ್ತದೆ.

ಅಲಿ ಶೇರ್ ತೆರೆದ ದಾರಿಯಲ್ಲಿ ಹಲವರು ಬಂದರು. 1998ರಲ್ಲಿ ಫಿರೋಜ್ ಅಲಿ, 1999ರಲ್ಲಿ ಅರ್ಜುನ್ ಅತ್ವಾಲ್, 2000ದಲ್ಲಿ ಜ್ಯೋತಿ ರಾಂಧವ, 2002ರಲ್ಲಿ ಲಖನೌದ ವಿಜಯ್ ಕುಮಾರ್. ಇವರೆಲ್ಲರೂ ಒಂದೇ ಹಿನ್ನೆಲೆಯವರಲ್ಲ ಎಂಬುದನ್ನೂ ಹೇಳಬೇಕು. ರಾಂಧವ ಸೇನಾ ಕುಟುಂಬದವರು. 2006 ಮತ್ತು 2007ರಲ್ಲಿಯೂ ಗೆದ್ದು ಮೂರು ಪ್ರಶಸ್ತಿಗಳೊಂದಿಗೆ ಥಾಮ್ಸನ್ ಅವರನ್ನು ಸರಿಗಟ್ಟಿದರು. ಅತ್ವಾಲ್ 2010ರಲ್ಲಿ ಅಮೆರಿಕದ ಪಿಜಿಎ ಟೂರ್‌ನಲ್ಲಿ ಗೆದ್ದ ಮೊದಲ ಭಾರತೀಯರಾದರು. ಒಂದೇ ಪಟ್ಟಿಯಲ್ಲಿ ಸೇನಾಧಿಕಾರಿಯ ಮಗನೂ ಕ್ಯಾಡಿಯೂ ಅಕ್ಕಪಕ್ಕ ಬರುವುದೇ ಓಪನ್ ಎಂಬ ಶಬ್ದದ ಸಾರ್ಥಕತೆ. ಭಾರತದ ಬೇರೆ ಎಷ್ಟು ಪಟ್ಟಿಗಳಲ್ಲಿ ಹಾಗೆ ಬರುತ್ತಾರೆ?

2009ರ ಸಾಲಿಗೆ ಬಂದಾಗ ಕನ್ನಡಿಗ ಓದುಗನ ಕಣ್ಣು ತಾನಾಗಿಯೇ ನಿಲ್ಲುತ್ತದೆ. ಅಲ್ಲಿರುವ ಹೆಸರು ಸಿ. ಮುನಿಯಪ್ಪ. ಬೆಂಗಳೂರು, ಕೋಲಾರದ ಕಡೆ ಕೇರಿ ಕೇರಿಯಲ್ಲಿ ಕೇಳಿಬರುವ ಹೆಸರು. ಬೆಂಗಳೂರಿನಲ್ಲಿ ಕ್ಯಾಡಿಯಾಗಿ ಆಟ ಕಲಿತ ಮುನಿಯಪ್ಪ, ಗುರುಗ್ರಾಮದ ಡಿಎಲ್‌ಎಫ್ ಅಂಗಳದಲ್ಲಿ ನಾಲ್ಕು ದಿನಗಳ ಆಟದ ಕೊನೆಗೆ ಕೊರಿಯಾದ ಲೀ ಸುಂಗ್ ಅವರೊಂದಿಗೆ ಸಮಬಲ ಸಾಧಿಸಿ, ಬಳಿಕ ಪ್ಲೇ-ಆಫ್‌ನಲ್ಲಿ ಅವರನ್ನು ಸೋಲಿಸಿ ರಾಷ್ಟ್ರೀಯ ಓಪನ್ ಪ್ರಶಸ್ತಿಯನ್ನು ಎತ್ತಿಕೊಂಡರು. ಮಾರನೆಯ ದಿನ ಆ ಸುದ್ದಿಯನ್ನು ನಮ್ಮಲ್ಲಿ ಎಷ್ಟು ಮಂದಿ ಗಮನಿಸಿದೆವು? ದ್ರಾವಿಡ್, ಕುಂಬ್ಳೆ ಅವರ ಅಂಕಿಗಳನ್ನು ಬಾಯಿಪಾಠ ಒಪ್ಪಿಸುವ ನಾವು, ಪರಊರಿನಲ್ಲಿ ಕನ್ನಡ ನಾಡಿನ ಹೆಸರೊಂದು ಬೆಳಗಿದರೆ ಹಿಗ್ಗುವ ನಾವು, ಮುನಿಯಪ್ಪ ಅವರ ಹೆಸರನ್ನು ನೆನಪಿಟ್ಟುಕೊಂಡಿಲ್ಲ. ಆಟ ನಮ್ಮದಲ್ಲವೆಂದು ನಾವು ಮೊದಲೇ ತೀರ್ಮಾನಿಸಿದ್ದೆವು. ಆದ್ದರಿಂದ ಆಡಿದವನು ನಮ್ಮವನೆಂಬುದೂ ಕಾಣಲಿಲ್ಲ. ಗೋಡೆ ಕಟ್ಟಿದವರು ಕ್ಲಬ್ಬಿನವರು ಮಾತ್ರವಲ್ಲ ಎಂದು ಆಗ ಅನಿಸುತ್ತದೆ.

ಗಡಿಯಾಚೆಯಿಂದಲೂ ಇದೇ ಬಗೆಯ ವಿಜೇತರೊಬ್ಬರು ಬಂದರು. 2013ರಲ್ಲಿ ದೆಹಲಿಯಲ್ಲಿ ಗೆದ್ದ ಸಿದ್ದಿಕುರ್ ರಹಮಾನ್ ಢಾಕಾದ ಕುರ್ಮಿಟೋಲಾ ಗಾಲ್ಫ್ ಕ್ಲಬ್ಬಿನಲ್ಲಿ ಚೆಂಡು ಹೆಕ್ಕುತ್ತ ಬೆಳೆದವರು. 2016ರ ರಿಯೊ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ಬಾಂಗ್ಲಾದೇಶದ ಧ್ವಜ ಹಿಡಿದು ನಡೆದವರು ಅವರೇ.

ಈ ಚರಿತ್ರೆಯ ಶಿಖರ ಎಸ್.ಎಸ್.ಪಿ. ಚೌರಾಸಿಯಾ. ಅವರ ತಂದೆ ರಾಯಲ್ ಕಲ್ಕತ್ತಾ ಗಾಲ್ಫ್ ಕ್ಲಬ್ಬಿನಲ್ಲಿ ಹುಲ್ಲು ನೋಡಿಕೊಳ್ಳುತ್ತಿದ್ದ ನೌಕರ. 1829ರ ಆ ಕ್ಲಬ್ಬಿನ ನೆಲದಲ್ಲಿ, ಆ ನೆಲವನ್ನು ಹಸಿರಾಗಿಟ್ಟವನ ಮಗ ಆಟ ಕಲಿತ. ದೂರ ಹೊಡೆಯುವ ಶಕ್ತಿ ಕಡಿಮೆ. ಗುಳಿಯ ಸಮೀಪದ ಸೂಕ್ಷ್ಮ ಹೊಡೆತಗಳಲ್ಲಿ ಅಪ್ರತಿಮ. 2008ರಲ್ಲಿ ದೆಹಲಿಯಲ್ಲಿ ನಡೆದ ಇಂಡಿಯನ್ ಮಾಸ್ಟರ್ಸ್ ಗೆದ್ದು ಯುರೋಪಿಯನ್ ಟೂರ್‌ನ ಗಮನ ಸೆಳೆದರೂ, ಇಂಡಿಯನ್ ಓಪನ್ ಮಾತ್ರ ಅವರಿಗೆ ಮತ್ತೆ ಮತ್ತೆ ಕೈತಪ್ಪಿತು. 2015ರಲ್ಲಿ ಮುನ್ನಡೆಯಲ್ಲಿದ್ದು ಕೊನೆಗೆ ಪ್ಲೇ-ಆಫ್‌ನಲ್ಲಿ ಅನಿರ್ಬನ್ ಲಾಹಿರಿಗೆ ಸೋತರು. ಸೇನಾ ವೈದ್ಯರ ಮಗ ಲಾಹಿರಿಯೂ ಬೆಂಗಳೂರಿನಲ್ಲಿ ನೆಲೆನಿಂತು ಪಳಗಿದ ಆಟಗಾರ. ಮರುವರ್ಷ ಅದೇ ದೆಹಲಿಯಲ್ಲಿ ಚೌರಾಸಿಯಾ ಲಾಹಿರಿಯನ್ನು ಹಿಂದಿಕ್ಕಿ ಗೆದ್ದರು. 2017ರಲ್ಲಿ ಸ್ಪರ್ಧೆ ಡಿಎಲ್‌ಎಫ್‌ನ ಹೊಸ ಅಂಗಳಕ್ಕೆ ಹೋಯಿತು. ಗ್ಯಾರಿ ಪ್ಲೇಯರ್ ವಿನ್ಯಾಸದ ಆ ಅಂಗಳ ಕಠಿಣವೆಂದು ಹೆಸರಾದದ್ದು. ಹಳೆಯ ಪರಿಚಯದ ಬಲ ಅಲ್ಲಿ ಇರಲಿಲ್ಲ. ಆದರೂ ಚೌರಾಸಿಯಾ ಏಳು ಸ್ಟ್ರೋಕ್‌ಗಳ ಅಂತರದಿಂದ ಗೆದ್ದರು.

ಅಲ್ಲಿಗೆ ಒಂಬತ್ತು ಭಾರತೀಯರು ಹದಿಮೂರು ಬಾರಿ ಈ ಪ್ರಶಸ್ತಿ ಗೆದ್ದಂತಾಯಿತು. ಆ ಬಳಿಕ 2025ರವರೆಗಿನ ಪಟ್ಟಿಯಲ್ಲಿ ಭಾರತೀಯರಿಲ್ಲ. ಮ್ಯಾಟ್ ವ್ಯಾಲೆಸ್, ಸ್ಟೀಫನ್ ಗ್ಯಾಲಕರ್, ಕೋವಿಡ್‌ನ ಮೂರು ವರ್ಷಗಳ ಮೌನ, ಮಾರ್ಸೆಲ್ ಸೀಮ್, ಕೀಟಾ ನಕಾಜಿಮಾ, ಯುಜೆನಿಯೊ ಚಕಾರಾ. ಬಹುಮಾನದ ಹಣ ಬೆಳೆದಿದೆ. ಯುರೋಪಿನ ಆಟಗಾರರು ತುಂಬಿದ್ದಾರೆ. ಆಟ ಕಲಿಯುವ ಬಗೆಯೂ ಬದಲಾಗಿದೆ: ವಿಡಿಯೊ, ಅಳತೆಯ ಯಂತ್ರ, ತರಬೇತುದಾರ, ವಿದೇಶ ಪ್ರವಾಸ. ಇವೆಲ್ಲ ಬೇಕೆಂದರೆ ಬಾಲ್ಯದಿಂದಲೇ ಹಣ ಬೇಕು. ರಜೆಯ ದಿನ ಹಳೆಯ ಕೋಲು ಹಿಡಿದು ಆಡಿದವನು ರಾಷ್ಟ್ರೀಯ ಓಪನ್ ಗೆಲ್ಲುವ ಕಾಲ ಮುಗಿಯಿತೇ ಎಂಬ ಆತಂಕ ಸಹಜ. ಹಾಗಾದರೆ ಓಪನ್ ಎಂಬ ಹೆಸರಿನಲ್ಲಿ ಉಳಿಯುವುದು ಅಕ್ಷರ ಮಾತ್ರ.

ನಾವು ಮುಂದಿನ ಸಲ ಲೋದಿ ಎಸ್ಟೇಟಿನ ಕನ್ನಡ ಶಾಲೆಗೆ ಯಾವುದಾದರೂ ಕಾರ್ಯಕ್ರಮಕ್ಕೆ ಹೋದಾಗ, ಆ ಆವರಣದ ಬಳಿ ಒಂದು ಗಳಿಗೆ ನಿಲ್ಲಬಹುದು. ಒಳಗೆ ಯಾರೋ ಆಡುತ್ತಿರುತ್ತಾರೆ. ಅವರ ಹಿಂದೆ ಹೆಗಲಿಗೆ ಚೀಲ ಹಾಕಿಕೊಂಡು ಒಬ್ಬ ಹುಡುಗ ನಡೆಯುತ್ತಿರುತ್ತಾನೆ. ಅಲಿ ಶೇರ್ ನಡೆದದ್ದು ಆ ದಾರಿಯಲ್ಲಿಯೇ. ಬೆಂಗಳೂರಿನ ಇಂತಹುದೇ ದಾರಿಯೊಂದರಲ್ಲಿ ಮುನಿಯಪ್ಪ ನಡೆದರು. ಅವರ ಹೆಸರುಗಳನ್ನು ನಮ್ಮ ಮಕ್ಕಳಿಗೆ ಹೇಳುವುದು ನಮ್ಮಿಂದ ಆಗಬೇಕಾದ ಸಣ್ಣ ಕೆಲಸ.